ಬೇಲಿಗೆ ಮಂಗಾರೆ: ಎಲೆ ಉದುರಿತೆಂದು ಕೀಳಬೇಡಿ

ಪ್ರತಿ ವರ್ಷ ಮುಳ್ಳು ಕಡಿದು, ಹೊತ್ತು ತಂದು ತೋಟಕ್ಕೆ ಬೇಲಿ ಕಟ್ಟುವುದು, ಒಂದು ಮಳೆಗಾಲಕ್ಕೆ ಅದು ಕುಂಬಾಗುವುದು. ಕೂಲಿ ಕೊಟ್ಟು ಸಾಕಾಯ್ತು. ಕಡಿದು ತರುವ ಮುಳ್ಳನ್ನೇ ಅಗಳಿನ ಅಂಚಿಗೆ ಬೆಳೆಸಿದರೆ ಹೇಗೆ ಅಂತ ಮಂಗಾರೆ ನೆಟ್ಟೆ.

ಗುಡ್ಡದಲ್ಲಿ ತಾನಾಗಿ ಹುಟ್ಟುವ, ಕಾಫಿ ಕುಟುಂಬದ ಗಿಡ ಇದು. ಮುಳ್ಳು ನೇರ, ಗಟ್ಟಿ. ಬೇಸಿಗೆಯ ಕೊನೆಗೆ ಹೂ. ಅರಳುವಾಗ ಬಿಳಿ, ಬಾಡುವಾಗ ಹಳದಿ. ಪರಿಮಳ ಅಂಗಳದ ತನಕ ಬರುತ್ತದೆ.

ಚಳಿಗಾಲದಲ್ಲಿ ಹಳದಿಯಾದ ಹಣ್ಣು ಆರಿಸಿ, ತಿರುಳನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಬೀಜ ನೆರಳಲ್ಲಿ ಆರಿಸಿದೆ. ಮರಳು ಬೆರೆಸಿದ ಮಡಿಗೆ ಬಿತ್ತಿದೆ. ಎಲ್ಲ ಒಟ್ಟಿಗೆ ಮೊಳೆಯಲಿಲ್ಲ, ತಾಳ್ಮೆ ಬೇಕು. ಸಸಿಯನ್ನು ಕೊಟ್ಟೆಗೆ ದಾಟಿಸಿ, ಮರುವರ್ಷ ಜೂನ್ ಮಳೆಗೆ ನೆಟ್ಟೆ. ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂದಡಿ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ. ಮೊಣಕಾಲೆತ್ತರ ಬಂದಾಗಲೇ ತುದಿ ಕತ್ತರಿಸಬೇಕು. ಸುಮ್ಮನೆ ಬಿಟ್ಟರೆ ಮೇಲೆ ಹರಡಿ ಬುಡ ಬೋಳಾಗುತ್ತದೆ. ಆಡಿಗೆ ಅಷ್ಟೇ ಸಾಕು!

ನಾನು ಎಡವಿದ್ದು ಮೊದಲ ಬೇಸಿಗೆಯಲ್ಲಿ. ಎಲೆಯೆಲ್ಲ ಉದುರಿ ಗಿಡ ಒಣಕಡ್ಡಿಯಾಯ್ತು. ಸತ್ತೇ ಹೋಯ್ತೆಂದು ಒಂದು ಬದಿಯಿಂದ ಕೀಳುತ್ತ ಬಂದೆ. ಅರ್ಧ ಸಾಲು ಕಿತ್ತ ಮೇಲೆ ಯಾಕೋ ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದರೆ ಒಳಗೆ ಹಸಿರು! ಉಳಿಸಿದವು ಮೊದಲ ಮಳೆ ಬಿದ್ದದ್ದೇ ಚಿಗುರಿದವು. ಬೇಸಿಗೆಯಲ್ಲಿ ಎಲೆ ಉದುರಿಸುವುದು ಅದರ ಸ್ವಭಾವ. ನೀವು ಕೀಳುವ ಮೊದಲು ಕೆರೆದು ನೋಡಿ.

ಇನ್ನೊಂದು ಮಾತು. ಕೆಲವು ಕಡೆ ಇದನ್ನೂ ಕಾರೆ ಎಂದೇ ಕರೆಯುತ್ತಾರೆ. ಬಯಲುಸೀಮೆಯಲ್ಲಿ ಮಕ್ಕಳು ತಿನ್ನುವ ಕಾರೆಹಣ್ಣು ಬೇರೆ, ಅದು ಚಿಕ್ಕದು. ಮಂಗಾರೆಯದು ಸಣ್ಣ ಪೇರಳೆಯಂತೆ, ತುದಿಯಲ್ಲಿ ಕಿರೀಟ. ಇದನ್ನು ತಿಂದರೆ ವಾಂತಿ. ಆಯುರ್ವೇದದವರು ವಮನಕ್ಕೆ ಕೊಡುವ ಮದನಫಲ ಇದೇ. ಮನೆಯ ಮಕ್ಕಳಿಗೆ ಗಿಡ ತೋರಿಸಿಯೇ ಹೇಳಿಡಿ. ಇದರ ಕಾಯಿ ಜಜ್ಜಿ ಹಾಕಿ ಹೊಳೆಯ ಮೀನು ಹಿಡಿಯುವ ಹಳೇ ಪದ್ಧತಿಯೂ ಇದೆ. ಹಾಗಾಗಿ ಮೀನು ಸಾಕುವ ಕೆರೆದಂಡೆಗೆ ಈ ಬೇಲಿ ಬೇಡ.

ಬೆಳವಣಿಗೆ ನಿಧಾನ. ನಾಲ್ಕೈದು ವರ್ಷವಂತೂ ಕಾಯಬೇಕು, ಅಲ್ಲಿವರೆಗೆ ಹಳೇ ಬೇಲಿಯನ್ನು ತೆಗೆಯುವಂತಿಲ್ಲ. ಈಗ ಉಳಿದ ಸಾಲಿನಲ್ಲಿ ನಾಯಿಯೂ ನುಸುಳುವುದಿಲ್ಲ. ಕಿತ್ತ ಕಡೆ ಮತ್ತೆ ನೆಟ್ಟ ಸಸಿಗಳು ಪಕ್ಕದ ಹಲಸಿನ ನೆರಳಿಗೆ ಇನ್ನೂ ಸರಿಯಾಗಿ ಏಳಲಿಲ್ಲ. ಆ ಸಂದಿಗೆ ಈ ವರ್ಷವೂ ಮುಳ್ಳು ಕಡಿದು ತಂದಾಯ್ತು.