ಬಾತ್‌ರೂಮ್ ಫ್ಯಾನ್ ಕೆಲಸ ಮಾಡ್ತಿಲ್ವಾ? ಮೊದಲು ಇಷ್ಟು ನೋಡಿ
(ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಇರುವವರಿಗೆ)

ಊರಲ್ಲಿ ಬಚ್ಚಲಮನೆಗೆ ಒಂದು ಕಿಂಡಿ ಇದ್ದರೆ ಸಾಕು, ಹಬೆ ತಾನಾಗೇ ಹೊರಗೆ ಹೋಗುತ್ತೆ. ಇಲ್ಲಿ ಚಳಿಗಾಲದಲ್ಲಿ ಕಿಟಕಿ, ಬಾಗಿಲು ಎಲ್ಲ ಮುಚ್ಚಿರ್ತೀವಿ. ಹಬೆ ಹೊರಗೆ ಹಾಕೋದು ಗೋಡೆಯಲ್ಲೋ ಸೀಲಿಂಗ್‌ನಲ್ಲೋ ಇರುವ ಆ ಚಿಕ್ಕ ಫ್ಯಾನ್. ಅದು ನಿಂತರೆ ತೇವ ತಣ್ಣನೆ ಗೋಡೆ ಮೇಲೆ ಕೂತು ಕಪ್ಪು ಬೂಸ್ಟು ಬೆಳೆಯುತ್ತೆ. ಚಿಕ್ಕ ಮಕ್ಕಳಿಗೆ, ಆಸ್ತಮಾ ಇರುವವರಿಗೆ ಇದು ಅಪಾಯ.

ನೀವೇ ನೋಡಬಹುದಾದದ್ದು

1. ಫ್ಯಾನ್ ತಿರುಗುತ್ತಲೇ ಇಲ್ಲ: ಬಾತ್‌ರೂಮ್ ಬಾಗಿಲ ಹೊರಗೆ, ಸಾಮಾನ್ಯವಾಗಿ ಮೇಲ್ಗಡೆ, ಫ್ಯಾನಿಗೆಂದೇ ಒಂದು ಸ್ವಿಚ್ ಇರುತ್ತೆ. ಶಬ್ದ ಬರುತ್ತೆ, ಕರೆಂಟ್ ಬಿಲ್ ಏರುತ್ತೆ ಅಂತ ಯಾರಾದರೂ ಆರಿಸಿರಬಹುದು. ಬಿಲ್‌ಗೆ ಹೆದರಬೇಡಿ. 10 ವ್ಯಾಟ್ ಫ್ಯಾನ್ 100 ಗಂಟೆ ಓಡಿದರೆ ಖರ್ಚಾಗೋದು 1 ಯೂನಿಟ್ ಮಾತ್ರ.

2. ತಿರುಗುತ್ತೆ, ಗಾಳಿ ಎಳೆಯಲ್ಲ: ಒಂದು ಹಾಳೆ ಟಾಯ್ಲೆಟ್ ಪೇಪರ್ ಫ್ಯಾನಿನ ಮುಂದೆ ಹಿಡಿದು ಕೈ ಬಿಡಿ. ಅಂಟಿಕೊಂಡರೆ ಎಳೆತ ಇದೆ. ಬಿದ್ದರೆ, ಆ ಸ್ವಿಚ್ ಆರಿಸಿ, ಮುಂದಿನ ಜಾಲರಿಯ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿ. ನೀರು ಚಿಮುಕಿಸಬೇಡಿ.

3. ಧೂಳು ತೆಗೆದರೂ ಎಳೆಯಲ್ಲ: ಒಳಗೆ ಗಾಳಿ ಬಂದರೆ ತಾನೇ ಹೊರಗೆ ಹೋಗೋದು? ಬಾಗಿಲ ಕೆಳಗೆ ಸುಮಾರು 10 ಮಿಲಿಮೀಟರ್ ಸಂದು ಇರಬೇಕು. ಚಳಿಗೆ ಅಂತ ಅಲ್ಲಿ ಬಟ್ಟೆ ತುರುಕಿದ್ದರೆ, ಕಿಟಕಿ ಚೌಕಟ್ಟಿನ ಗಾಳಿಕಿಂಡಿಗೆ ಟೇಪ್ ಅಂಟಿಸಿದ್ದರೆ ತೆಗೀರಿ. ಹೊರಗೋಡೆಯ ಮುಚ್ಚಳ ಫ್ಯಾನ್ ಓಡುವಾಗ ತೆರೆಯುತ್ತಾ ಅಂತ ನೆಲದ ಮೇಲೆ ನಿಂತೇ ನೋಡಿ. ಏಣಿ ಹತ್ತಬೇಡಿ.

4. ಗುಂಯ್ ಅನ್ನುತ್ತೆ, ತಿರುಗಲ್ಲ. ಅಥವಾ ಸುಟ್ಟ ವಾಸನೆ: ಕೂಡಲೇ ಸ್ವಿಚ್ ಆರಿಸಿ, ಮತ್ತೆ ಹಾಕಬೇಡಿ. ಮೋಟಾರ್ ಬಿಚ್ಚೋದು ಎಲೆಕ್ಟ್ರಿಷಿಯನ್ ಕೆಲಸ. ಊರಲ್ಲಿ ವೈರಿಂಗ್ ಮಾಡಿ ಅಭ್ಯಾಸ ಇದ್ದರೂ ಇಲ್ಲಿ ಕೈ ಹಾಕಬೇಡಿ.

ಲೈಟ್ ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ಓಡಿದರೆ ಅದು ಕೆಟ್ಟಿದೆ ಅಂತಲ್ಲ. ಟೈಮರ್ ಹಾಗೆ ಇಟ್ಟಿರ್ತಾರೆ.

ಮಾಲೀಕರಿಗೆ ಬರೆದೇ ತಿಳಿಸಿ

ಇಷ್ಟಾದರೂ ಸರಿಹೋಗದಿದ್ದರೆ ಮನೆ ಮಾಲೀಕರಿಗೆ ಅಥವಾ ಏಜೆಂಟರಿಗೆ ಇಮೇಲ್ ಮಾಡಿ. ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ. ಯಾವತ್ತಿನಿಂದ ಕೆಟ್ಟಿದೆ, ನೀವು ಏನೇನು ನೋಡಿದ್ರಿ, ಬೂಸ್ಟು ಎಲ್ಲೆಲ್ಲಿದೆ, ಮನೆಯಲ್ಲಿ ಮಕ್ಕಳು ಇದ್ದಾರಾ, ಇಷ್ಟು ಬರೆಯಿರಿ. ಫೋಟೋ, ಪೇಪರ್ ಬೀಳುವ ವಿಡಿಯೋ ಸೇರಿಸಿ.

"ನೀವು ಅಡುಗೆ ಜಾಸ್ತಿ ಮಾಡ್ತೀರಿ, ಅದಕ್ಕೇ ಬೂಸ್ಟು" ಅನ್ನೋ ಉತ್ತರ ಬಂದರೆ ಸುಮ್ಮನಾಗಬೇಡಿ. 2020ರಲ್ಲಿ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ 2 ವರ್ಷದ ಮಗು ಬೂಸ್ಟು ತುಂಬಿದ ಮನೆಯಲ್ಲಿದ್ದು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಆ ಕುಟುಂಬವೂ ವಲಸೆ ಬಂದದ್ದು. ಅವರ ಜೀವನ ಕ್ರಮವನ್ನೇ ದೂರಿದ್ದರು. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಎನ್ನುವ 2018ರ ಕಾಯ್ದೆ ತೇವ, ಗಾಳಿಯಾಟ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೆ.

ಉತ್ತರವೇ ಬರದಿದ್ದರೆ ನಿಮ್ಮ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ಅದೇ ಇಮೇಲ್‌ಗಳನ್ನು ಕಳಿಸಿ. ಬಾಡಿಗೆ ಕಟ್ಟೋದು ಮಾತ್ರ ನಿಲ್ಲಿಸಬೇಡಿ. ರಿಪೇರಿ ಕೇಳಿದ್ದಕ್ಕೆ ವೀಸಾ ನಿಯಮ ಮುರಿದಂತಾಗಲ್ಲ. ಕೆಲಸ ಕೊಟ್ಟವರೇ ಮನೆಯನ್ನೂ ಕೊಟ್ಟಿದ್ದು, ದೂರು ಕೊಡಲು ಭಯ ಇದ್ದರೆ, ಮೊದಲು ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್ ಸಂಸ್ಥೆಯ ಹತ್ತಿರ ಮಾತಾಡಿ. ಸಲಹೆಗೆ ದುಡ್ಡು ಕೊಡಬೇಕಿಲ್ಲ.