ಕೈಗೆ ಒಗ್ಗುವ ಪಿಸ್ತೂಲು: ಗುರಿಸ್ಪರ್ಧೆಗೆ ಇಳಿಯುವವರಿಗೆ ಸಾಮಗ್ರಿಯ ಆಯ್ಕೆ

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಪಡೆದು, ತರುವಾಯ ಸರಬ್‌ಜೋತ್ ಸಿಂಗ್ ಅವರೊಡಗೂಡಿ ಮಿಶ್ರ ತಂಡದ ವಿಭಾಗದಲ್ಲಿ ಮತ್ತೊಂದು ಕಂಚನ್ನು ಗಳಿಸಿದ ಮೇಲೆ, ಈ ವಿದ್ಯೆಯಲ್ಲಿ ಆಸಕ್ತಿ ತಳೆದ ಬಾಲಕ ಬಾಲಕಿಯರೂ ಅವರ ತಂದೆತಾಯಿಗಳೂ ಮೊತ್ತಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಪಿಸ್ತೂಲನ್ನು ಕೊಳ್ಳಬೇಕು? ನಮ್ಮ ನಾಡಿಗೇನೂ ಈ ಕ್ರೀಡೆ ಅಪರಿಚಿತವಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿಯನ್ನೂ, ಟಿ. ಎಸ್. ದಿವ್ಯಾ ಅವರು 2023ರಲ್ಲಿ ಹಾಂಗ್‌ಝೌನಲ್ಲಿ ನೆರವೇರಿದ ಏಷ್ಯನ್ ಕ್ರೀಡಾಕೂಟದಲ್ಲಿ ಮಿಶ್ರ ತಂಡದ ಬೆಳ್ಳಿಯನ್ನೂ ತಂದಿತ್ತವರು. ಪ್ರಶ್ನೆ ಸಹಜವಾದುದೇ ಸರಿ. ಆದರೆ ಆಯುಧವನ್ನು ಆರಿಸುವುದಕ್ಕೆ ಮುನ್ನ ಅದನ್ನು ಹಿಡಿಯುವ ಕೈಯನ್ನೂ ನಿಟ್ಟಿಸುವ ಕಣ್ಣನ್ನೂ ಅರಿತುಕೊಳ್ಳಬೇಕೆಂಬುದನ್ನು ಕೇಳುವವರು ಮರೆತಿರುತ್ತಾರೆ. ಎಷ್ಟೋ ಮನೆಗಳಲ್ಲಿ ಲಕ್ಷಗಟ್ಟಲೆ ಬೆಲೆಯ ಪಿಸ್ತೂಲು, ಕೈಗೆ ಒಗ್ಗದ ಒಂದೇ ಕಾರಣದಿಂದ, ಪೆಟ್ಟಿಗೆಯೊಳಗೇ ಉಳಿದುಬಿಡುವುದನ್ನು ಕಂಡು ಮನಸ್ಸು ನೊಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ರಿವಾಲ್ವರಿನ ಮೇಲೆ ಆಸೆಯಿಟ್ಟು ಬರುವವರೂ ಉಂಟು. ಅಂಥವರಿಗೂ ನನ್ನ ಬಿನ್ನಹ ಇಷ್ಟೆ: ಆರಂಭ 10 ಮೀಟರಿನ ಏರ್ ಪಿಸ್ತೂಲಿನಿಂದಲೇ ಆಗಲಿ. ಮದ್ದುಗುಂಡಿನ ಸದ್ದೂ ಹಿಂದೊದೆತವೂ ಇಲ್ಲದ ಈ ಆಯುಧದಲ್ಲಿ ಕೈಯ ತಪ್ಪು ಕೈಯ ತಪ್ಪಾಗಿಯೇ ಕಾಣಿಸುತ್ತದೆ. ಮರೆಮಾಚಲು ಬೇರೆ ಆಸರೆಯಿರುವುದಿಲ್ಲ. ಕಾನೂನಿನ ಅನುಕೂಲವೂ ಇದಕ್ಕಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಮೇರೆಗೆ, ನಳಿಕೆಯ ವ್ಯಾಸ 4.5 ಮಿಲಿಮೀಟರನ್ನೂ ಶಕ್ತಿ 20 ಜೂಲನ್ನೂ ಮೀರದ ವಾಯು ಆಯುಧಕ್ಕೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಈ ಮಿತಿಯ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿರುವುದರಿಂದ, ಗುರುತಿನ ಮತ್ತು ವಿಳಾಸದ ದಾಖಲೆಗಳನ್ನು ಒಪ್ಪಿಸಿ ಅದನ್ನು ಕೊಳ್ಳಬಹುದು. ಕೊಡಗಿನ ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿದಿರುವ ವಿನಾಯಿತಿಯು ಕೋವಿಗೆ ಮತ್ತು ರೈಫಲಿಗೆ ಸಂಬಂಧಿಸಿದುದು. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡಿಡುವ ನುರಿತ ಕೈಗಾದರೂ ರಿವಾಲ್ವರ್ ಬೇಕೆಂದರೆ ಎಲ್ಲರಂತೆ ಪ್ರತ್ಯೇಕವಾದ ಪರವಾನಗಿಯನ್ನೇ ಪಡೆಯತಕ್ಕದ್ದು.

ಮೊದಲ ಕೆಲಸ, ಏನನ್ನೂ ಕೊಳ್ಳದೆ ರೇಂಜಿಗೆ ಸೇರುವುದು. ಅಲ್ಲಿಯ ಪಿಸ್ತೂಲುಗಳಲ್ಲೇ ಕೆಲವು ತಿಂಗಳು ಅಭ್ಯಾಸ ಮಾಡುತ್ತ, ಸಾಧ್ಯವಿದ್ದಷ್ಟು ಬಗೆಯವನ್ನು ಹಿಡಿದು ನೋಡಬೇಕು. ಇದೇ ಅವಧಿಯಲ್ಲಿ ಯಾವ ಕಣ್ಣು ಪ್ರಧಾನವೆಂಬುದನ್ನು ತಿಳಿದುಕೊಳ್ಳಬೇಕು: ಎರಡೂ ಅಂಗೈಗಳನ್ನು ಚಾಚಿ ನಡುವೆ ಒಂದು ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಆ ಕಿಂಡಿಯಿಂದ ದೂರದ ಗಡಿಯಾರವನ್ನು ನೋಡಿ, ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಿದರೆ, ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ನಿಲ್ಲುವುದೋ ಅದೇ ಪ್ರಧಾನವಾದುದು. ಬಲಗೈಯವನಿಗೆ ಎಡಗಣ್ಣು ಪ್ರಧಾನವಾಗಿದ್ದರೆ ತರಬೇತುದಾರರೊಡನೆ ಸಮಾಲೋಚಿಸಿ, ಯಾವ ಕೈಯಲ್ಲಿ ಹಿಡಿಯಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು; ಏಕೆಂದರೆ ಹಿಡಿಕೆಯು ಬಲಗೈಗೆ ಬೇರೆ, ಎಡಗೈಗೆ ಬೇರೆ.

ಹಿಡಿಕೆಯ ವಿಚಾರವನ್ನು ವಿಸ್ತರಿಸಿಯೇ ಹೇಳಬೇಕಾಗಿದೆ. ಮೊರಿನಿ, ಸ್ಟೈಯರ್, ವಾಲ್ಥರ್, ಫೈನ್‌ವೆರ್ಕ್‌ಬೌ, ಪಾರ್ದಿನಿ ಎಂಬ ಪ್ರಸಿದ್ಧ ತಯಾರಕರಲ್ಲಿ ಯಾರ ಪಿಸ್ತೂಲಾದರೂ, ಯಂತ್ರಕ್ಕೆ ಬಿಗಿದು ಹೊಡೆದರೆ, ಗುಂಡುಗಳನ್ನು ಒಂದರ ಮೇಲೊಂದರಂತೆ ಒಂದೇ ರಂಧ್ರಕ್ಕೆ ಸೇರಿಸಬಲ್ಲದು. ಆದುದರಿಂದ ನಳಿಕೆಯ ನಿಖರತೆಯನ್ನು ಕುರಿತು ಚರ್ಚಿಸುವುದು ಆರಂಭಿಕನಿಗೆ ಕಾಲಹರಣ. ಆತನ ಅಂಕಗಳನ್ನು ನಿರ್ಣಯಿಸತಕ್ಕದ್ದು ಆ ಮರದ ಹಿಡಿಕೆ ತನ್ನ ಅಂಗೈಯಲ್ಲಿ ಪ್ರತಿ ಸಲವೂ ಒಂದೇ ರೀತಿಯಾಗಿ ಕೂರುವುದೋ ಇಲ್ಲವೋ ಎಂಬುದು. ಪರೀಕ್ಷೆ ಸುಲಭ. ಖಾಲಿ ಪಿಸ್ತೂಲನ್ನು ಹಿಡಿದು, ಕಣ್ಣು ಮುಚ್ಚಿ, ತೋಳನ್ನು ನಿಧಾನವಾಗಿ ಗುರಿಯ ಮಟ್ಟಕ್ಕೆ ಎತ್ತಿ, ಅನಂತರ ಕಣ್ಣು ತೆರೆಯಬೇಕು. ಮುಂದಣ ಸೈಟು ಹಿಂದಣ ಸೈಟಿನ ಕಿಂಡಿಯ ನಡುಮಧ್ಯದಲ್ಲಿ ತಾನಾಗಿಯೇ ನಿಂತಿದ್ದರೆ ಹಿಡಿಕೆ ಕೈಗೆ ಒಪ್ಪಿತೆಂದು ಅರ್ಥ. ಸೈಟು ಸದಾ ಎಡಕ್ಕೋ ಬಲಕ್ಕೋ ವಾಲಿರುವುದಾದರೆ ಮಣಿಕಟ್ಟನ್ನು ತಿರುಚಿ ಸರಿಪಡಿಸಿಕೊಳ್ಳುವ ಅಭ್ಯಾಸ ಬೇಡ; ಅರುವತ್ತು ಹೊಡೆತಗಳ ಸ್ಪರ್ಧೆಯಲ್ಲಿ, ಎಪ್ಪತ್ತೈದು ನಿಮಿಷಗಳ ಅವಧಿಯಲ್ಲಿ, ಆ ತಿರುಚು ಎಲ್ಲಿಯೋ ಒಂದೆಡೆ ಸಡಿಲವಾಗಿಯೇ ಆಗುತ್ತದೆ. ಹಿಡಿಕೆಯ ಕೋನವನ್ನು ಬದಲಿಸಬೇಕು, ಇಲ್ಲವೆ ಬೇರೆ ಅಳತೆಯ ಹಿಡಿಕೆಯನ್ನು ತರಿಸಬೇಕು.

ಅಳತೆಯ ಹಿಡಿಕೆ ದೊರೆತ ಮೇಲೂ ಕೆಲಸ ಮುಗಿಯುವುದಿಲ್ಲ. ಅನುಭವಿಗಳು ಅಂಗೈಗೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರಿಕೊಂಡು ಹಿಡಿಕೆಯನ್ನು ಎಂದಿನ ಬಿಗಿಯಲ್ಲಿ ಹಿಡಿದು ಬಿಡುತ್ತಾರೆ. ಪುಡಿ ದಟ್ಟವಾಗಿ ಅಂಟಿದ ಕಡೆ ಮರ ಒತ್ತುತ್ತಿದೆಯೆಂದೂ, ಏನೂ ಅಂಟದ ಕಡೆ ಟೊಳ್ಳಿದೆಯೆಂದೂ ಗೊತ್ತಾಗುತ್ತದೆ. ಒತ್ತುವ ಜಾಗವನ್ನು ಉಪ್ಪುಕಾಗದದಿಂದ ಕೊಂಚಕೊಂಚವೇ ಉಜ್ಜುವುದು, ಟೊಳ್ಳಾದ ಜಾಗಕ್ಕೆ ಮರಗೆಲಸದವರು ಬಳಸುವ ಮೆತ್ತುವ ಲೇಪವನ್ನು ತುಂಬಿ ಒಣಗಿಸಿ ಮತ್ತೆ ಉಜ್ಜುವುದು: ಹೀಗೆ ಹಲವು ವಾರ ನಡೆಯುವ ಈ ತಾಳ್ಮೆಯ ಕೆಲಸವನ್ನು ಶೂಟರ್ ತನ್ನ ಕೈಯಾರೆ ಮಾಡಿಕೊಳ್ಳುವುದೇ ಲೇಸು. ಹೆಬ್ಬೆರಳಿನ ಬುಡ ಕೆಂಪಾಗಬಾರದು; ಟ್ರಿಗರ್ ಎಳೆಯುವ ತೋರುಬೆರಳಿನ ಪಕ್ಕ ಎಲ್ಲಿಯೂ ಮರಕ್ಕೆ ತಾಗಬಾರದು, ತಾಗಿದರೆ ಬೆರಳು ಹಿಂಸರಿಯುವಾಗ ಇಡೀ ಪಿಸ್ತೂಲನ್ನು ಕೂಡ ತಳ್ಳುತ್ತದೆ. ಅಂಗೈಯ ಕೆಳಗಣ ಆಸರೆಯ ಹಲಗೆಯನ್ನು ಹಿತವಾಗುವಷ್ಟು ಏರಿಸಬಹುದಾದರೂ, ಹಿಡಿಕೆಯ ಯಾವ ಭಾಗವೂ ಮಣಿಕಟ್ಟಿಗೆ ಆಧಾರವಾಗಕೂಡದೆಂಬ ಅಂತಾರಾಷ್ಟ್ರೀಯ ನಿಯಮವನ್ನು ನೆನಪಿನಲ್ಲಿಡಬೇಕು.

ಇಷ್ಟೊಂದು ಸೂಕ್ಷ್ಮ ಏತಕ್ಕೆಂದು ಕೇಳುವವರಿಗೆ ಲೆಕ್ಕವೇ ಉತ್ತರ ಕೊಡುತ್ತದೆ. ಎರಡು ಸೈಟುಗಳ ನಡುವಣ ಅಂತರವನ್ನು 320 ಮಿಲಿಮೀಟರೆಂದು ಇಟ್ಟುಕೊಳ್ಳೋಣ. ಮುಂದಣ ಸೈಟು ಕಿಂಡಿಯ ಮಧ್ಯದಿಂದ ಕೇವಲ 1 ಮಿಲಿಮೀಟರಿನಷ್ಟು ಸರಿದರೆ, 10 ಮೀಟರಿನಾಚೆ ಗುಂಡು 31 ಮಿಲಿಮೀಟರಿನಷ್ಟು ದೂರ ಸರಿಯುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವೇ 11.5 ಮಿಲಿಮೀಟರ್, ಕಪ್ಪು ಭಾಗವೆಲ್ಲ ಸೇರಿ 59.5. ಎಂದರೆ ಸೈಟಿನ ಒಂದು ಮಿಲಿಮೀಟರು ಹತ್ತನ್ನು ಏಳಕ್ಕೆ ಇಳಿಸಿಬಿಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಎರಡು ಸೈಟುಗಳೂ ಸರಿಯಾಗಿ ಹೊಂದಿಕೊಂಡೇ ಇದ್ದು ತೋಳು ಮಾತ್ರ 5 ಮಿಲಿಮೀಟರಿನಷ್ಟು ಅತ್ತಿತ್ತ ಓಲಾಡಿದರೆ ಗುಂಡು ಸರಿಯುವುದೂ ಅದೇ 5 ಮಿಲಿಮೀಟರ್. ಅದು ಹತ್ತರ ವೃತ್ತದೊಳಗೇ ಉಂಟು. ತೋಳಿನ ನಡುಕಕ್ಕೆ ಅಂಜದೆ ಸೈಟುಗಳ ಹೊಂದಿಕೆಯನ್ನೇ ಕಾಯಬೇಕೆಂದು ಗುರುಗಳು ಮತ್ತೆ ಮತ್ತೆ ಹೇಳುವುದರ ತಿರುಳು ಇದೇ. ಕೊಳ್ಳುವಾಗ ಮುಂದಣ ಸೈಟಿನ ಅಗಲವನ್ನೂ ಹಿಂದಣ ಕಿಂಡಿಯ ಅಗಲವನ್ನೂ ಬದಲಿಸಲು ಅವಕಾಶವಿದೆಯೇ ಎಂದು ನೋಡಿ, ತೋಳು ಚಾಚಿದಾಗ ಎರಡು ಪಕ್ಕದಲ್ಲೂ ಬೆಳಕಿನ ಗೆರೆ ನಿಚ್ಚಳವಾಗಿ ಕಾಣುವಂತೆ ಹೊಂದಿಸಿಕೊಳ್ಳತಕ್ಕದ್ದು.

ಇನ್ನು ಟ್ರಿಗರ್. ಏರ್ ಪಿಸ್ತೂಲಿನಲ್ಲಿ ಇದರ ಎಳೆತ 500 ಗ್ರಾಮಿಗೆ ಕಡಿಮೆಯಿರಕೂಡದು. ನಳಿಕೆಯನ್ನು ಮೇಲ್ಮುಖವಾಗಿ ಹಿಡಿದು, ಟ್ರಿಗರಿಗೆ ತೂಕದ ಬಟ್ಟನ್ನು ತಗುಲಿಸಿ ಎತ್ತಿ ಪರೀಕ್ಷಿಸುತ್ತಾರೆ. ಸರಿಯಾಗಿ 500ಕ್ಕೇ ಇಟ್ಟುಕೊಂಡು ಪರೀಕ್ಷೆಯ ಮೇಜಿನ ಮುಂದೆ ಕಳವಳಪಡುವುದಕ್ಕಿಂತ ಹತ್ತಿಪ್ಪತ್ತು ಗ್ರಾಮು ಹೆಚ್ಚಿಗೆ ಇಡುವುದು ಜಾಣತನ. ವಿದ್ಯುತ್ ಟ್ರಿಗರ್, ಯಾಂತ್ರಿಕ ಟ್ರಿಗರ್ ಎಂದು ಎರಡು ಬಗೆಯಿದ್ದು, ಮೊದಲನೆಯದು ಅತ್ಯಂತ ನಯವಾದುದು. ಗುಂಡಿಲ್ಲದೆ ಮಾಡುವ ಅಭ್ಯಾಸಕ್ಕೂ ಅನುಕೂಲ. ಆದರೆ 2021ರ ಜುಲೈ 25ರಂದು ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟು, ಅಮೂಲ್ಯವಾದ ನಿಮಿಷಗಳು ದುರಸ್ತಿಯಲ್ಲೇ ಕಳೆದುಹೋಗಿ, 575 ಅಂಕಗಳೊಡನೆ ಅವರು ಹನ್ನೆರಡನೆಯವರಾಗಿ ಉಳಿದುದನ್ನು, ಫೈನಲಿನ ಬಾಗಿಲು ಎರಡೇ ಅಂಕಗಳ ಅಂತರದಲ್ಲಿ ಮುಚ್ಚಿದುದನ್ನು ಯಾರು ಮರೆಯಬಲ್ಲರು? ಯಂತ್ರವೆಂದಮೇಲೆ ಕೆಡುವುದು ಸಹಜ. ನೀವು ಕೊಳ್ಳುವ ಮಾದರಿಯನ್ನು ಬಿಚ್ಚಿ ಜೋಡಿಸಬಲ್ಲ ಕುಶಲಿಯೊಬ್ಬ ನಿಮ್ಮ ಊರಿನಲ್ಲಿ ಇರುವನೇ, ಬಿಡಿಭಾಗಗಳು ದೊರೆಯುವುವೇ ಎಂಬುದನ್ನು ಹಣ ತೆರುವ ಮುನ್ನವೇ ವಿಚಾರಿಸಬೇಕು. ಈ ಕಾರಣದಿಂದ ಸಣ್ಣ ಊರುಗಳವರಿಗೆ ಯಾಂತ್ರಿಕ ಟ್ರಿಗರೇ ಮೇಲೆಂದು ನನ್ನ ಅಭಿಪ್ರಾಯ.

ಒತ್ತಿದ ಗಾಳಿಯ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡವಿರುತ್ತದೆ. ಅದರ ಮೈಮೇಲೆ ಕೆತ್ತಿರುವ ತಯಾರಿಕೆಯ ದಿನಾಂಕವನ್ನು ಮರೆಯದೆ ಓದಬೇಕು. ಅವಧಿ ಮೀರಿದ ಸಿಲಿಂಡರಿನ ಹೊಣೆ ಸ್ಪರ್ಧಾಳುವಿನದೇ. ಶುದ್ಧವಾದ ಒಣಗಾಳಿಯನ್ನಲ್ಲದೆ ಬೇರೇನನ್ನೂ ತುಂಬಿಸಕೂಡದು. ಆಮ್ಲಜನಕವನ್ನಂತೂ ಎಂದೆಂದಿಗೂ ಕೂಡದು, ಅದು ಎಣ್ಣೆಯ ಪಸೆಗೆ ತಾಗಿದರೆ ಸ್ಫೋಟವಾದೀತು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಸಿಲಿಂಡರನ್ನು ಬಿಟ್ಟು ಹೋಗುವುದೂ ಅಪಾಯಕರವಾದ ಉದಾಸೀನ.

ಗುಂಡುಗಳು, ಎಂದರೆ ಪೆಲೆಟ್ಟುಗಳು, ಚಪ್ಪಟೆ ಮೂತಿಯ ಸೀಸದವಾಗಿರಬೇಕು. ಕಾಗದದಲ್ಲಿ ಅಂಚು ಹರಿಯದ ದುಂಡು ರಂಧ್ರವನ್ನು ಕೊರೆಯುವುದು ಅವೇ. ಎಲ್ಲವೂ 4.5 ಮಿಲಿಮೀಟರಿನವೆಂದು ಕರೆಯಿಸಿಕೊಂಡರೂ ತಲೆಯ ಅಳತೆ 4.49, 4.50 ಎಂದು ಕೂದಲೆಳೆಯಷ್ಟು ವ್ಯತ್ಯಾಸವಾಗುವುದರಿಂದ, ಎರಡು ಮೂರು ಬಗೆಯ ಡಬ್ಬಿಗಳನ್ನು ತಂದು, ಪಿಸ್ತೂಲನ್ನು ಆಧಾರಕ್ಕೆ ಬಿಗಿದು, ಪ್ರತಿಯೊಂದರಿಂದ ಐದೈದು ಹೊಡೆದು, ಅತ್ಯಂತ ಕಿರಿದಾದ ಗುಂಪನ್ನು ಕೊಟ್ಟುದನ್ನು ಆರಿಸಿ, ಅದೇ ತಂಡದ ಡಬ್ಬಿಗಳನ್ನು ವರ್ಷಕ್ಕಾಗುವಷ್ಟು ಸಂಗ್ರಹಿಸಿಡುವುದು ಒಳ್ಳೆಯ ಪದ್ಧತಿ. ಸೀಸ ವಿಷಪದಾರ್ಥ. ಅಭ್ಯಾಸದ ನಡುವೆ ತಿಂಡಿ ತಿನ್ನಬಾರದು, ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಬೇಕು. ಮಕ್ಕಳ ವಿಷಯದಲ್ಲಿ ಇದನ್ನು ತಾಯಿತಂದೆಗಳು ಕಟ್ಟುನಿಟ್ಟಾಗಿ ನಡೆಸಬೇಕೆಂದು ಬೇಡುತ್ತೇನೆ.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ರೈಫಲಿನವರಂತೆ ದಪ್ಪ ಜಾಕೆಟ್ಟು ಪಿಸ್ತೂಲಿನವರಿಗಿಲ್ಲ. ಪಾದರಕ್ಷೆ ಕಾಲಿನ ಗಿಣ್ಣನ್ನು ಮುಚ್ಚದಂತಹದು, ಅಡಿ ಸಮತಟ್ಟಾಗಿ ಬಾಗುವಂತಹದು ಆಗಿರಬೇಕು. ಮೊದಲ ವರ್ಷಕ್ಕೆ ಸಾಧಾರಣ ಕ್ಯಾನ್ವಾಸ್ ಬೂಟೇ ಸಾಕು, ಮೆತ್ತನೆಯ ಓಟದ ಬೂಟು ಮಾತ್ರ ಬೇಡ. ಕನ್ನಡಕಕ್ಕೆ ಹೋದಾಗ, ತಾನು ಸ್ಪಷ್ಟವಾಗಿ ನೋಡಬೇಕಾದುದು 10 ಮೀಟರಿನಾಚೆಯ ಟಾರ್ಗೆಟ್ಟನ್ನಲ್ಲ, ಚಾಚಿದ ತೋಳಿನ ತುದಿಯ ಸೈಟನ್ನು ಎಂದು ಕಣ್ಣಿನ ವೈದ್ಯರಿಗೆ ಬಿಡಿಸಿ ಹೇಳಬೇಕು. ಇದನ್ನು ಹೇಳದೆ ತಂದ ದುಬಾರಿ ಕನ್ನಡಕ ನಿಷ್ಪ್ರಯೋಜಕ. ಇನ್ನೊಂದು ಕಣ್ಣನ್ನು ಮುಚ್ಚಿ ದಣಿಸುವ ಬದಲು ಅದರ ಮುಂದೆ ಸಣ್ಣ ಮರೆಯೊಂದನ್ನು ತೂಗುಹಾಕಬಹುದು. ಅದರ ಅಗಲ 30 ಮಿಲಿಮೀಟರನ್ನು ಮೀರಕೂಡದು. ಪ್ಯಾರಿಸಿನಲ್ಲಿ ತುರ್ಕಿಯ ಯೂಸುಫ್ ಡಿಕೆಚ್ ಅವರು ಮರೆಯೂ ಇಲ್ಲದೆ, ದಿನಬಳಕೆಯ ಕನ್ನಡಕದಲ್ಲೇ, ಎರಡು ಕಣ್ಣನ್ನೂ ತೆರೆದು ಮಿಶ್ರ ತಂಡದ ಬೆಳ್ಳಿಯಲ್ಲಿ ಪಾಲುಗೊಂಡುದನ್ನು ಲೋಕವೆಲ್ಲ ನೋಡಿತು. ಅದು ದೀರ್ಘಕಾಲದ ಸಾಧನೆಯ ಫಲವಾದರೂ, ಸಲಕರಣೆಯ ಕೊರತೆಯಿಂದ ಎದೆಗುಂದಿದ ಮಕ್ಕಳಿಗೆ ಧೈರ್ಯ ತುಂಬುವಂತಹುದು. ಪಿಸ್ತೂಲು ಖಾಲಿಯೆಂದು ತೋರಿಸಲು ನಳಿಕೆಗೆ ತೂರಿಸುವ ಕಿತ್ತಳೆ ಬಣ್ಣದ ಸುರಕ್ಷತಾ ದಾರವು ಕೆಲವೇ ರೂಪಾಯಿಗಳದು; ಅದಿಲ್ಲದೆ ಪೆಟ್ಟಿಗೆಯ ಮುಚ್ಚಳ ತೆರೆಯಕೂಡದು.

ಹೊಸತಕ್ಕೆ ಹಣ ಸಾಲದವರು ಹಿರಿಯ ಶೂಟರುಗಳು ಮಾರುವ ಹಳೆಯ ಪಿಸ್ತೂಲನ್ನು ಕೊಳ್ಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಚೆನ್ನಾಗಿ ನೋಡಿಕೊಂಡ ಯಂತ್ರ ಬಹುಕಾಲ ಬಾಳುತ್ತದೆ. ಸಿಲಿಂಡರಿನ ದಿನಾಂಕ, ಗಾಳಿ ಸೋರುವಿಕೆ, ಟ್ರಿಗರಿನ ತೂಕ ಇವನ್ನು ಪರೀಕ್ಷಿಸಿ, ಪಿಸ್ತೂಲಿನ ಕ್ರಮಸಂಖ್ಯೆಯನ್ನು ಬರೆಸಿದ ರಸೀದಿಯನ್ನು ಪಡೆಯತಕ್ಕದ್ದು.

ಈಗ ರಿವಾಲ್ವರಿನ ಮಾತು. ಅದು ಇಂದಿಗೂ ಯೋಗ್ಯವಾಗಿ ಸಲ್ಲುವ ರಂಗ 25 ಮೀಟರಿನ ಸೆಂಟರ್ ಫೈರ್ ಸ್ಪರ್ಧೆ; 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಅವರು 590 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದುದು ಈ ಸ್ಪರ್ಧೆಯಲ್ಲೇ. ನಳಿಕೆಯ ವ್ಯಾಸ 7.62ರಿಂದ 9.65 ಮಿಲಿಮೀಟರಿನೊಳಗಿರಬೇಕು, ಟ್ರಿಗರಿನ ಎಳೆತ 1000 ಗ್ರಾಮಿಗೆ ಕಡಿಮೆಯಾಗಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು .32 ಅಳತೆ. ಮೊದಲ ಮೂವತ್ತು ಹೊಡೆತ ನಿಧಾನದವು. ಅನಂತರದ ಮೂವತ್ತರಲ್ಲಿ ಟಾರ್ಗೆಟ್ಟು 3 ಸೆಕೆಂಡು ಎದುರಾಗಿ 7 ಸೆಕೆಂಡು ಮರೆಯಾಗುತ್ತಿರಲು, ಆ ಏಳು ಸೆಕೆಂಡಿನಲ್ಲೇ ಹೆಬ್ಬೆರಳಿನಿಂದ ಸುತ್ತಿಗೆಯನ್ನು ಹಿಂದಕ್ಕೆಳೆದು, ತೋಳನ್ನು ಇಳಿಸಿ ಸಿದ್ಧವಾಗಿ ನಿಲ್ಲಬೇಕು. ಆದುದರಿಂದ ಹಿಡಿತ ಕದಲದಂತೆ ಹೆಬ್ಬೆರಳಿಗೆ ಸುತ್ತಿಗೆ ಎಟಕುವುದೇ ಎಂಬುದು ಪ್ರಥಮ ಪರೀಕ್ಷೆ. ಎರಡನೆಯದು, ಆಯುಧ ಖಾಲಿಯೆಂದು ಖಚಿತಪಡಿಸಿಕೊಂಡ ಬಳಿಕ ಸುತ್ತಿಗೆಯನ್ನೆಳೆದು, ಗುಂಡಿನ ಉರುಳೆಯನ್ನು ಬೆರಳಿಂದ ಅಲ್ಲಾಡಿಸಿ ನೋಡುವುದು. ಆರು ಕೋಣೆಗಳಲ್ಲಿ ಒಂದಾದರೂ ನಳಿಕೆಗೆ ನೇರವಾಗಿ ನಿಲ್ಲದೆ ಸಡಿಲವಾಗಿದ್ದರೆ, ಆ ಕೋಣೆಯ ಗುಂಡು ಎಂದಿಗೂ ಉಳಿದವುಗಳ ಜೊತೆ ಸೇರದು. ಇಲ್ಲಿ ಕಿವಿಗೆ ರಕ್ಷಣೆಯಿಲ್ಲದೆ ಒಂದು ಗುಂಡನ್ನೂ ಹಾರಿಸಕೂಡದು.

ಪರವಾನಗಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ಅರ್ಜಿಯನ್ನು ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರರಿಗೂ, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳಿಗೂ ಸಲ್ಲಿಸತಕ್ಕದ್ದು. ಅದಕ್ಕೆ ಮುನ್ನ ರಾಜ್ಯ ರೈಫಲ್ ಸಂಸ್ಥೆಯ ಸದಸ್ಯತ್ವವನ್ನು ಪಡೆದು, ಏರ್ ಪಿಸ್ತೂಲಿನಲ್ಲಿ ರಾಜ್ಯಮಟ್ಟದ ಅಂಕಪತ್ರಗಳನ್ನು ಕೂಡಿಸಿಟ್ಟುಕೊಂಡವರಿಗೆ, ಆಯುಧವನ್ನು ತಾವು ಕೇಳುತ್ತಿರುವುದು ಕ್ರೀಡೆಗಾಗಿಯೇ ಎಂದು ಅಧಿಕಾರಿಗಳೆದುರು ತೋರಿಸಲು ಪ್ರತ್ಯಕ್ಷವಾದ ಆಧಾರವಿರುತ್ತದೆ.