ನೂರಕ್ಕೆ ನಿಲ್ಲಿಸಿದ ಲೆಕ್ಕ

ನನ್ನ ಮೊದಲ ಪುಸ್ತಕಕ್ಕೆ ಪ್ರೆಸ್ಸಿನವರು ಎರಡು ದರ ಹೇಳಿದ್ದರು: 200 ಪ್ರತಿಗೆ 14,000 ರೂಪಾಯಿ, 500 ಪ್ರತಿಗೆ 21,000. ಒಂದಕ್ಕೆ 70 ಬೀಳುವುದೆಲ್ಲಿ, 42 ಬೀಳುವುದೆಲ್ಲಿ! ಅಡಿಕೆ ಮಾರುವಾಗ ಕಿಲೋಗೆ ಒಂದು ರೂಪಾಯಿಗೂ ಚೌಕಾಶಿ ಮಾಡುವ ನಾನು 500 ಎಂದೇಬಿಟ್ಟೆ. 80ರಂತೆ ಮಾರಿದ್ದು 170, ಸುಮ್ಮನೆ ಹಂಚಿದ್ದು 60. ಉಳಿದ 270 ನಮ್ಮೂರು ನಾರಾವಿಯ ಎರಡು ಮಳೆಗಾಲವನ್ನು ಅಟ್ಟದಲ್ಲಿ ಕಳೆದು, ಬೂಸ್ಟು ಹಿಡಿದು, ಗುಜರಿಯವನ ತಕ್ಕಡಿ ಏರಿದವು. ಮಾರಾಟದಿಂದ ಬಂದದ್ದು 13,600. 200 ಮಾಡಿಸಿ, ಹಂಚುವ ಕೈಯನ್ನು 30ಕ್ಕೆ ಬಿಗಿಹಿಡಿದಿದ್ದರೆ 400 ರೂಪಾಯಿಯ ನಷ್ಟದಲ್ಲಿ ಮುಗಿಯುತ್ತಿತ್ತು.

ಆಮೇಲೆ ಪುಸ್ತಕದ ಸಹವಾಸವೇ ಬೇಡವೆಂದಿದ್ದೆ. ಮನಸ್ಸು ಬದಲಿಸಿದ್ದು ನಮ್ಮ ಸೀಮೆಯದೇ ಆದ ಕಾಂತಾವರ ಕನ್ನಡ ಸಂಘ. ನಾ. ಮೊಗಸಾಲೆಯವರು ಕಟ್ಟಿದ ಆ ಸಂಘದ ‘ನಾಡಿಗೆ ನಮಸ್ಕಾರ’ ಮಾಲೆಯ ಪುಸ್ತಕಗಳು ಸಣ್ಣವು. ಹಳ್ಳಿಯಿಂದ ಪುಸ್ತಕ ಮಾಡಲು ದಪ್ಪ ರಟ್ಟು ಬೇಕಿಲ್ಲ ಎಂದು ಅವನ್ನು ನೋಡಿ ಅನ್ನಿಸಿತು. ನನ್ನ ತೋಟದ ಮಳೆಗಾಲದ ದಿನಚರಿಯನ್ನು 32 ಪುಟಕ್ಕೆ ಇಳಿಸಿದೆ.

ರಕ್ಷಾಪುಟವನ್ನು ಕೈಯಲ್ಲೇ ಅಚ್ಚೊತ್ತುವ ಹುಚ್ಚು ಹಿಡಿಸಿದವನು ಸೋದರಳಿಯ. ಬೆಂಗಳೂರಿನಲ್ಲಿ ಕಲಾವಿದರು ಕೂಡಿ ನಡೆಸುವ ಸ್ಟುಡಿಯೊ ಒಂದಕ್ಕೆ ಕರೆದೊಯ್ದ. ದಿನಕ್ಕೆ 600 ಕೊಟ್ಟರೆ ಯಂತ್ರ, ರೋಲರ್, ಶಾಯಿ ಅವರದು. ಅಚ್ಚು ಕೊರೆಯುವ ಲಿನೋ ಹಾಳೆ, ಕಾಗದ ನಮ್ಮದು. ಊರಿನ ಸೂರ್ಯನಾರಾಯಣ ದೇವರನ್ನು ನೆನೆದು ಒಂದು ಸೂರ್ಯ, ಕೆಳಗೆ ‘ನಾರಾವಿ’ ಎಂದು ಕೊರೆದೆ. ಅಚ್ಚೊತ್ತಿ ಕಾಗದ ಎತ್ತಿದರೆ ಅಕ್ಷರ ತಿರುಗಾಮುರುಗಾ! ಅಚ್ಚಿನಲ್ಲಿ ಕನ್ನಡಿಯಲ್ಲಿ ಕಂಡಂತೆ ಕೊರೆಯಬೇಕಿತ್ತು. ಒಂದು ಲಿನೋ ದಂಡ.

ಕೊರೆಯುತ್ತಾ ಕೂತಾಗ ಬಾಸೆಲ್ ಮಿಷನ್ನಿನವರು ನೆನಪಾದರು. ಆ ಮಿಷನ್ನಿನ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ಒತ್ತಕ್ಷರ, ಕೊಂಬು, ದೀರ್ಘ ಎಂದು ನೂರಾರು ಮೊಳೆ ಎರಕ ಹೊಯ್ಯಿಸುವ ಖರ್ಚು ಕಲ್ಲಚ್ಚಿಗಿಲ್ಲ. ಅವರೂ ಕೈಗೆಟುಕುವ ದಾರಿಯಲ್ಲೇ ಶುರುಮಾಡಿದವರು.

ಆ ಸ್ಟುಡಿಯೊದಲ್ಲಿ ಪ್ರತಿ ಚಿತ್ರದ ಕೆಳಗೂ ಪೆನ್ಸಿಲಿನಲ್ಲಿ 7/50, 8/50 ಎಂದು ಬರೆಯುತ್ತಿದ್ದರು. ಅಂದರೆ ಐವತ್ತೇ, ಅದರ ಮೇಲೆ ಇಲ್ಲ. ಎಷ್ಟು ಅಚ್ಚಾದರೆ ಅಗ್ಗ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನನ್ನದನ್ನು ನೂರಕ್ಕೆ ನಿಲ್ಲಿಸಿದೆ.

ಎರಡು ದಿನದ ಬಾಡಿಗೆ 1,200. ಕೆಟ್ಟದ್ದೂ ಸೇರಿ ಲಿನೋ 500. ರಕ್ಷಾಪುಟದ ಕಾಗದ 1,300. ಒಳಪುಟಗಳನ್ನು ಮೂಡುಬಿದಿರೆಯಲ್ಲಿ ಮಾಡಿಸಿದ್ದಕ್ಕೆ 3,500. ಬಸ್ಸಿಗೆ 1,500. ಒಟ್ಟು 8,000, ಪ್ರತಿಯೊಂದಕ್ಕೆ 80. ಮೊದಲ ಪುಸ್ತಕದ ಹೆಚ್ಚುಕಡಿಮೆ ಇಮ್ಮಡಿ! ಬೆಲೆ 150 ಇಟ್ಟೆ. ಕೈಯಚ್ಚಿನ ಪುಟ, ಮೇಲೆ ಸಂಖ್ಯೆ; ಯಾರೂ ಚೌಕಾಶಿ ಮಾಡಲಿಲ್ಲ. 78 ಹೋದವು, 11,700 ಬಂತು.

ದೂರದವರಿಗೆ ಕಳಿಸಲು ಅಂಚೆ ಇಲಾಖೆಯ ‘ಜ್ಞಾನ ಪೋಸ್ಟ್’ ಒದಗಿತು. 2025ರ ಮೇ 1ರಿಂದ ಬಂದ ಈ ಸೌಲಭ್ಯದಲ್ಲಿ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ಅದನ್ನು ಕೊಳ್ಳುವವರೇ ಕೊಟ್ಟರು.

3,700 ಲಾಭವೆಂದು ಬೀಗುತ್ತಾ ಲೆಕ್ಕದ ಪುಸ್ತಕ ತೋರಿಸಿದೆ. ನನ್ನವಳು ಬೆರಳಿಟ್ಟು ಸಾಲುಸಾಲಾಗಿ ಓದಿದಳು. ಕೊರೆದು, ಒತ್ತಿ, ಒಣಗಿಸಿ, ಹೊಲಿಯಲು ಹಿಡಿದದ್ದು ಒಂಬತ್ತು ದಿನ.

“ತೋಟಕ್ಕೆ ಬರುವವರಿಗಾದರೆ ದಿನದ ಸಂಬಳ ಬರೀತೀರಿ. ಈ ಒಂಬತ್ತು ದಿನದ್ದು ಎಲ್ಲಿ ಬರೆದದ್ದು ಮಾರಾಯ್ರೆ?”

ಆ ಪುಟ ಇನ್ನೂ ಖಾಲಿ ಇದೆ.